ನಮ್ಮ ಸಂಘದ ಲಾಭ ಎಲ್ಲಿಂದ ಬಂತು?
(ಹಾಲು ಉತ್ಪಾದಕರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಸಾರ)



ವಾರ್ಷಿಕ ಸಭೆಯಲ್ಲಿ ಕಾರ್ಯದರ್ಶಿಯವರು ಅಢಾವೆ ಪತ್ರಿಕೆ ಓದುತ್ತಾರೆ. ನಾವು ಕೊನೆಯ ಸಾಲಿಗೆ ಮಾತ್ರ ಕಿವಿ ಕೊಡುತ್ತೇವೆ. ನಿವ್ವಳ ಲಾಭ ಇಷ್ಟು ಎಂದ ಕೂಡಲೇ ಚಪ್ಪಾಳೆ, ಆಮೇಲೆ ಬೋನಸ್ಸಿನ ಮಾತು. ಆ ಲಾಭ ಹಾಲಿನಿಂದ ಬಂದದ್ದೋ ಬೇರೆ ಕಡೆಯಿಂದ ಬಂದದ್ದೋ ಎಂದು ಕೇಳುವವರು ಕಡಿಮೆ.

ಒಂದು ಸಂಘವನ್ನು ಊಹಿಸಿಕೊಳ್ಳಿ. ಸದಸ್ಯರಿಂದ 60 ಲಕ್ಷ ರೂಪಾಯಿ ಹಾಲು ಖರೀದಿಸಿ, ಒಕ್ಕೂಟಕ್ಕೂ ಊರಿನಲ್ಲೂ ಸೇರಿ 63 ಲಕ್ಷ 20 ಸಾವಿರಕ್ಕೆ ಮಾರಿತು. ವ್ಯಾಪಾರ ಲಾಭ 3 ಲಕ್ಷ 20 ಸಾವಿರ. ಪಶು ಆಹಾರದ ಕಮಿಷನ್ 30 ಸಾವಿರ. ಸಿಬ್ಬಂದಿ ವೇತನ, ಪರೀಕ್ಷೆಯ ಖರ್ಚು, ವಿದ್ಯುತ್, ಸಾದಿಲ್ವಾರು ಎಲ್ಲ ಸೇರಿ ಖರ್ಚು 3 ಲಕ್ಷ 90 ಸಾವಿರ. ಅಂದರೆ ಸಂಘ ತನ್ನ ಕಸುಬಿನಲ್ಲಿ 40 ಸಾವಿರ ಕಳೆದುಕೊಂಡಿತು.

ಆದರೂ ಕೊನೆಯ ಸಾಲಿನಲ್ಲಿ 70 ಸಾವಿರ ಲಾಭ! ಹೇಗೆ? ಠೇವಣಿಯ ಬಡ್ಡಿ 70 ಸಾವಿರ, ಒಕ್ಕೂಟದ ಷೇರಿನ ಡಿವಿಡೆಂಡ್ 15 ಸಾವಿರ, ಹಳೆಯ ಕ್ಯಾನು ಮತ್ತು ಯಂತ್ರ ಮಾರಿದ್ದು 25 ಸಾವಿರ. ಇದೇ ಇತರೆ ಆದಾಯ. ಮರುವರ್ಷ ಠೇವಣಿ ಮುರಿದು ಕಟ್ಟಡ ಕಟ್ಟಿದರೆ ಬಡ್ಡಿ ಇಲ್ಲ. ಮಾರಿದ ಕ್ಯಾನನ್ನು ಮತ್ತೆ ಮಾರಲಾಗದು. ಹಾಲಿನ ವ್ಯವಹಾರ ಹಿಂದಿನಂತೆಯೇ ನಡೆದರೂ ಉಳಿಯುವುದು 25 ಸಾವಿರ ನಷ್ಟ. ಆಗ ಸಭೆಯಲ್ಲಿ ಗಲಾಟೆ ಎದ್ದರೂ ರೋಗ ಹಿಂದಿನ ವರ್ಷದ್ದೇ.

ಸ್ಯಾಂಪಲ್ ಹಾಲಿನ ಹಣವನ್ನು ಕೆಲವರು ಇತರೆ ಆದಾಯಕ್ಕೆ ಸೇರಿಸುತ್ತಾರೆ. ನನಗದು ಒಪ್ಪಿಗೆಯಿಲ್ಲ. ಅದು ನಿಮ್ಮದೇ ಹಾಲು, ವ್ಯಾಪಾರದ ಬಾಬ್ತಿಗೇ ಸೇರಬೇಕು.

ಬಡ್ಡಿ ಎಲ್ಲರಿಗೂ ಇತರೆ ಆದಾಯವಲ್ಲ. ಸಾಲ ಕೊಡುವ ಪತ್ತಿನ ಸಂಘಕ್ಕೆ ಸಾಲದ ಬಡ್ಡಿಯೇ ಕಸುಬು. ಆಸ್ಪತ್ರೆಗಳಿಗೆ ನರ್ಸ್‌ಗಳನ್ನು ಒದಗಿಸುವ ಕಂಪನಿಗಾದರೆ ಅದಕ್ಕಾಗಿ ಪಡೆಯುವ ಶುಲ್ಕ ಕಸುಬಿನ ವರಮಾನ, ಬ್ಯಾಂಕಿನ ಬಡ್ಡಿ ಇತರೆ ಆದಾಯ. ಕಂಪನಿಗಳು ಇವೆರಡನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸಬೇಕು.

ಇದು ಬರೀ ಲೆಕ್ಕದ ಸೂಕ್ಷ್ಮವಲ್ಲ ಎಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ಪ್ರಕರಣವಿದೆ. ಶಿರಸಿಯ ತೋಟಗಾರ್ಸ್ ಸಹಕಾರಿ ಮಾರಾಟ ಸಂಘ ಸದಸ್ಯರ ಉತ್ಪನ್ನ ಮಾರಿದ ಹಣದಲ್ಲಿ ತಕ್ಷಣಕ್ಕೆ ಬೇಡವಾದದ್ದನ್ನು ಅಲ್ಪಾವಧಿ ಠೇವಣಿ ಮತ್ತು ಸರ್ಕಾರಿ ಸಾಲಪತ್ರಗಳಲ್ಲಿ ತೊಡಗಿಸಿತ್ತು. ಆ ಬಡ್ಡಿಗೂ 1961ರ ಆದಾಯ ತೆರಿಗೆ ಕಾಯ್ದೆಯ 80ಪಿ ಕಲಮಿನ ವಿನಾಯಿತಿ ಬೇಕೆಂದು ಕೇಳಿತು. 2010ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇದು ಸಂಘದ ವ್ಯವಹಾರದ ಲಾಭವಲ್ಲ, ಇತರೆ ಮೂಲದ ಆದಾಯ, ತೆರಿಗೆ ಕಟ್ಟಬೇಕು ಎಂದಿತು. ಹಣ ಸದಸ್ಯರ ಮಾಲಿನದೇ ಆಗಿದ್ದರೂ ಬಡ್ಡಿಯ ಸಾಲು ಬೇರೆಯಾಯಿತು.

ಠೇವಣಿ ಇಡಬೇಡಿ ಎನ್ನುತ್ತಿಲ್ಲ. ಕಷ್ಟಕಾಲದಲ್ಲಿ ಬಟವಾಡೆ ನಿಲ್ಲದಂತೆ ಕಾಯುವುದು ಅದೇ. ಆದರೆ ಈ ಸಲ ಸಭೆಗೆ ಮುಂಚೆಯೇ ಅಢಾವೆ ಪತ್ರಿಕೆಯ ಪ್ರತಿ ಕೇಳಿ ಪಡೆಯಿರಿ. ಬಡ್ಡಿ, ಡಿವಿಡೆಂಡ್, ಹಳೆ ಸಾಮಾನಿನ ಹಣ, ಈ ಮೂರನ್ನೂ ಪೆನ್ಸಿಲಿನಲ್ಲಿ ಹೊಡೆದುಹಾಕಿ, ಉಳಿದದ್ದನ್ನು ಕೂಡಿ ಕಳೆಯಿರಿ. ಕಳೆದ ವರ್ಷದ ಪ್ರತಿಯಲ್ಲೂ ಹಾಗೆಯೇ ಮಾಡಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಬೋನಸ್ಸಿನ ಪ್ರಶ್ನೆಯನ್ನು ಆಮೇಲೆ ಎತ್ತಿ.