ಒಂದೇ ಕೆಲಸದ ಕರಾರು, ಒಂದೇ ಸಾಲಿನ ಉತ್ತರ
(ಸಂಘದ ಸದಸ್ಯರ ಮುಂದೆ ಮಾಡಿದ ಭಾಷಣ)



ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಕಂಪ್ಯೂಟರಿನ ಪಾಠಕ್ಕೆ ಕೂಡುವ ನಮ್ಮ ಹುಡುಗರು ಕೆಲವರು, "ಅಣ್ಣಾ, ಲ್ಯಾಂಬ್ಡಾ ಬಂದ ಮೇಲೆ ಒಂದೂ ತಿಳಿಯುವುದಿಲ್ಲ, ಬಿಟ್ಟುಬಿಡುತ್ತೇವೆ" ಎನ್ನುತ್ತಿದ್ದಾರೆ. ನಾವು ಓದಿದ್ದು ಮಿಡ್ಲ್ ಸ್ಕೂಲಿನ ತನಕ. ಆದರೂ ಅವರ ಪಕ್ಕದಲ್ಲೇ ಕುಳಿತು ಇದನ್ನು ತಿಳಿದುಕೊಂಡೆವು. ಹೆಸರಿಗೆ ಹೆದರಿ ವಿದ್ಯೆ ಬಿಟ್ಟರೆ ನಷ್ಟ ನಮಗೇ ಹೊರತು ವಿದ್ಯೆಗಲ್ಲ.

ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ 1995ರಲ್ಲಿ ಹೊರಬಂದಿತು. ಅದರಲ್ಲಿ ಇಂಟರ್‌ಫೇಸ್ ಎಂಬುದೊಂದು ಕರಾರು ಪತ್ರ. ಇಂಥ ಕೆಲಸ ಆಗಬೇಕು ಎಂದಷ್ಟೇ ಅದು ಹೇಳುತ್ತದೆ. ಹೇಗೆಂಬುದು ಒಪ್ಪಿಕೊಂಡವನ ಪಾಲಿಗೆ. ಕೆಲವು ಕರಾರುಗಳಲ್ಲಿ ಕೆಲಸ ಒಂದೇ. 'ಕಂಪ್ಯಾರೇಟರ್' ಎಂಬ ಕರಾರಿನಲ್ಲಿ ಎರಡು ವಸ್ತುಗಳನ್ನು ಹೋಲಿಸಿ ಯಾವುದು ಮುಂದೆ ಎಂದು ಹೇಳಬೇಕು, ಅಷ್ಟೆ.

ಮೊದಲು ಈ ಅಷ್ಟಕ್ಕೂ ಹೆಸರಿಲ್ಲದ ಒಂದು ಕ್ಲಾಸನ್ನು ಕಟ್ಟಿ, ಕರಾರಿನ ಹೆಸರು, ಕೆಲಸದ ಹೆಸರು, ವಸ್ತುಗಳ ಜಾತಿ ಎಲ್ಲವನ್ನೂ ಐದಾರು ಸಾಲು ಬರೆಯಬೇಕಿತ್ತು. ಒಂದು ಕಟಿಂಗ್ ಚಹಾ ಕೊಡಲು ಹೊಸ ಮಾಣಿಯನ್ನು ನೇಮಿಸಿ ಹಾಜರಿ ಪುಸ್ತಕ ತೆರೆದ ಹಾಗೆ! 2014ರ ಮಾರ್ಚಿನಲ್ಲಿ ಬಂದ ಜಾವಾ 8 ಈ ಕಾಟ ತಪ್ಪಿಸಿತು. ಬಿಲ್ಲುಗಳನ್ನು ಮೊತ್ತದ ಪ್ರಕಾರ ಜೋಡಿಸಲು ಈಗ ಇಷ್ಟು ಸಾಕು:

(ಅ, ಬ) -> ಅ.ಮೊತ್ತ - ಬ.ಮೊತ್ತ

ಬಾಣದ ಎಡಕ್ಕೆ ಕೈಗೆ ಬಂದದ್ದು, ಬಲಕ್ಕೆ ಮಾಡಬೇಕಾದದ್ದು. ಕಳೆದಾಗ ಸೊನ್ನೆಗಿಂತ ಕಡಿಮೆ ಬಂದರೆ 'ಅ' ಮುಂದೆ, ಹೆಚ್ಚು ಬಂದರೆ 'ಬ' ಮುಂದೆ, ಸೊನ್ನೆಯಾದರೆ ಎರಡೂ ಸಮ. ಮೊತ್ತ ಪೂರ್ಣ ರೂಪಾಯಿಗಳಲ್ಲಿರುವ ಸಣ್ಣ ಬಿಲ್ಲಿಗೆ ಈ ಲೆಕ್ಕ ಸರಿ. ಲ್ಯಾಂಬ್ಡಾ ಎಂದರೆ ಇದೇ. ಅಮೆರಿಕದ ಗಣಿತಜ್ಞ ಅಲೊಂಜೊ ಚರ್ಚ್ 1930ರ ದಶಕದಲ್ಲಿ ತನ್ನ ಲೆಕ್ಕದಲ್ಲಿ ಬಳಸಿದ ಗ್ರೀಕ್ ಅಕ್ಷರದ ಹೆಸರು, ಬೇರೇನಲ್ಲ.

ಉಳಿದ ಮಾತುಗಳನ್ನು ಬರೆಯದೆ ಯಂತ್ರಕ್ಕೆ ತಿಳಿಯುವುದು ಹೇಗೆ? ಕರಾರಿನಲ್ಲಿ ಕೆಲಸ ಒಂದೇ ಇರುವುದರಿಂದ. ಮಾಡದೆ ಉಳಿದ ಕೆಲಸ ಎರಡಿದ್ದರೆ ಈ ಉತ್ತರ ಯಾವುದಕ್ಕೆಂದು ಗೊತ್ತಾಗದು, ಕಂಪೈಲರ್ ಒಪ್ಪುವುದಿಲ್ಲ. ಕರಾರಿನೊಳಗೇ ಮಾಡುವ ವಿಧಾನವನ್ನೂ ಬರೆದಿಟ್ಟ 'ಡಿಫಾಲ್ಟ್' ಕೆಲಸಗಳು ಮಾತ್ರ ಲೆಕ್ಕಕ್ಕಿಲ್ಲ.

ಇನ್ನು ಮೂರು ಎಚ್ಚರಿಕೆಗಳು. ಒಂದನೆಯದು, ನೀವೇ ಇಂಥ ಕರಾರು ಬರೆದರೆ ಅದರ ಮೇಲೆ 'ಫಂಕ್ಷನಲ್ ಇಂಟರ್‌ಫೇಸ್' ಎಂಬ ಗುರುತು ಹಾಕಿರಿ. ಮುಂದೆ ಯಾರಾದರೂ ಸದ್ದಿಲ್ಲದೆ ಎರಡನೆಯ ಕೆಲಸ ತುರುಕಿದರೆ ಕಂಪೈಲರ್ ಆ ಕರಾರಿನಲ್ಲೇ ಹಿಡಿಯುತ್ತದೆ. ಕರಾರಿಗೆ ಹಿಂಬಾಗಿಲಿನಿಂದ ಕೆಲಸ ಸೇರಿಸುವುದು ಎಂಥದೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ! ಎರಡನೆಯದು, ಸುತ್ತಲಿನ ಮೆಥಡಿನ ವೇರಿಯಬಲನ್ನು ಒಳಗೆ ಬಳಸಿದರೆ, ಅದರ ಬೆಲೆಯನ್ನು ಒಮ್ಮೆ ಇಟ್ಟ ಮೇಲೆ ಬದಲಾಯಿಸಕೂಡದು. ಅಡಿಗೆಮನೆಗೆ ಹೋದ ಚೀಟಿಯನ್ನು ಆಮೇಲೆ ತಿದ್ದಿದರೆ ಏನಾಗುತ್ತದೆಂದು ನೀವು ಬಲ್ಲಿರಿ. ಮೂರನೆಯದು, ಬಾಣದ ಬಲಕ್ಕೆ ಹತ್ತು ಸಾಲು ಬೆಳೆದರೆ ಅದನ್ನು ಬೇರೆ ಮೆಥಡ್ ಮಾಡಿ ಒಳ್ಳೆಯ ಹೆಸರಿಡಿರಿ. ಮುಂದಿನ ಪಾಳಿಗೆ ಬರುವವನೂ ಅದನ್ನು ಓದಬೇಕಲ್ಲವೆ?

ತಮ್ಮಂದಿರೇ, ಇಂದು ರಾತ್ರಿಯೇ ಹಳೆಯ ರೀತಿಯ ಒಂದು ಕ್ಲಾಸನ್ನು ಬರೆಯಿರಿ. ಕಂಪೈಲರಿಗೆ ಆಗಲೇ ಗೊತ್ತಿರುವ ಒಂದೊಂದು ಮಾತನ್ನೂ ಅಳಿಸುತ್ತ ಬನ್ನಿರಿ. ಕೊನೆಗೆ ಉಳಿಯುವುದು ಕೆಲಸವೊಂದೇ. ಕೆಲಸವನ್ನು ಗುರುತಿಸಲು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಪಾಠ ಬಿಡಬೇಡಿರಿ.