ಏಕಲಹರೆಯ ಹೊಗೆ, ಆಕಾಶದ ಕಣ್ಣು



ಮುಂಬಯಿಯಿಂದ ಮನ್ಮಾಡ್ ಕಡೆಗೆ ಹಗಲು ಹೊತ್ತಿನ ರೈಲಿನಲ್ಲಿ ಹೋದವರಿಗೆ ನೆನಪಿರಬಹುದು. ನಾಸಿಕ್ ರೋಡ್ ನಿಲ್ದಾಣ ಬಿಟ್ಟ ಸ್ವಲ್ಪ ಹೊತ್ತಿಗೆ ಏಕಲಹರೆ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುತ್ತವೆ. ಅಲ್ಲಿರುವುದು 210 ಮೆಗಾವಾಟಿನ ಮೂರು ಘಟಕಗಳು. ಚಿಮಣಿಯ ಹೊಗೆ ನಮ್ಮ ಕಣ್ಣಿಗೆ ಬೀಳುತ್ತದೆ. ಅದರ ಜೊತೆಯಲ್ಲೇ ಹೊರಡುವ ಸಲ್ಫರ್ ಡೈಆಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ. ಬೆಂಕಿಕಡ್ಡಿ ಗೀರಿದ ಕ್ಷಣ ಮೂಗಿಗೆ ಚುರುಕ್ಕೆನ್ನುವ ಘಾಟು ಇದೆಯಲ್ಲ, ಅದೇ ಇದು.

ಇದರ ಲೆಕ್ಕ ಸುಲಭ. ಒಂದು ಟನ್ ಕಲ್ಲಿದ್ದಲಿನಲ್ಲಿ ಶೇಕಡಾ ಅರ್ಧದಷ್ಟು ಗಂಧಕ ಇದೆ ಎನ್ನಿ, ಅಂದರೆ 5 ಕಿಲೋ. ಉರಿಯುವಾಗ ಅದು ತನ್ನ ತೂಕದಷ್ಟೇ ಆಮ್ಲಜನಕವನ್ನು ಸೇರಿಸಿಕೊಂಡು 10 ಕಿಲೋ ಅನಿಲವಾಗುತ್ತದೆ. ಇಂಥ ಸ್ಥಾವರ ವರ್ಷಕ್ಕೆ ಲಕ್ಷಗಟ್ಟಲೆ ಟನ್ ಕಲ್ಲಿದ್ದಲು ಉರಿಸುತ್ತದೆ. ಗುಣಾಕಾರ ನಿಮಗೇ ಬಿಟ್ಟದ್ದು.

ಕಾಣದ ಈ ಅನಿಲವನ್ನು ಉಪಗ್ರಹ ಹೇಗೆ ಅಳೆಯುತ್ತದೆ? ಸೂರ್ಯನ ನೇರಳಾತೀತ ಕಿರಣಗಳಲ್ಲಿ ಕೆಲವನ್ನು ಸಲ್ಫರ್ ಡೈಆಕ್ಸೈಡ್ ನುಂಗಿಕೊಳ್ಳುತ್ತದೆ. ಭೂಮಿಯಿಂದ ಹಿಂದಿರುಗುವ ಬೆಳಕಿನಲ್ಲಿ ಎಷ್ಟು ಕೊರತೆ ಬಿತ್ತು ಎಂದು ನೋಡಿದರೆ ಅನಿಲ ಎಷ್ಟಿದೆಯೆಂದು ತಿಳಿಯುತ್ತದೆ. ಇದು ಗೊತ್ತಾದದ್ದು ಹೆಚ್ಚುಕಡಿಮೆ ಆಕಸ್ಮಿಕವಾಗಿ. 1978ರಲ್ಲಿ ಓಜೋನ್ ಅಳೆಯಲೆಂದು ಹಾರಿಸಿದ್ದ ಟಾಮ್ಸ್ ಎಂಬ ಉಪಕರಣಕ್ಕೆ 1982ರಲ್ಲಿ ಮೆಕ್ಸಿಕೋದ ಎಲ್ ಚಿಚೋನ್ ಜ್ವಾಲಾಮುಖಿಯ ಗಂಧಕದ ಮೋಡ ಸಿಕ್ಕಿಬಿತ್ತು. 2004ರಲ್ಲಿ ನಾಸಾದ ಔರಾ ಉಪಗ್ರಹದಲ್ಲಿ ನೆದರ್ಲೆಂಡ್ಸ್ ಮತ್ತು ಫಿನ್ಲೆಂಡಿನವರ ಓಮಿ ಉಪಕರಣ ಹೋಯಿತು. 2017ರಲ್ಲಿ ಇನ್ನೂ ಸೂಕ್ಷ್ಮವಾದ ಟ್ರೊಪೋಮಿ ಬಂತು.

ಒಂದು ದಿನದ ಚಿತ್ರವನ್ನು ಮಾತ್ರ ಹೆಚ್ಚು ನಂಬಬಾರದು. ಓಮಿಯ ಒಂದೊಂದು ಚುಕ್ಕೆ ನೆಲದ ಮೇಲೆ ಸುಮಾರು 13 ಕಿಲೋಮೀಟರ್ ಉದ್ದ, 24 ಕಿಲೋಮೀಟರ್ ಅಗಲ. ಅಷ್ಟರಲ್ಲಿ ಏಕಲಹರೆಯೂ ಇದೆ, ನಾಸಿಕ್ ಪೇಟೆಯೂ ಇದೆ, ದ್ರಾಕ್ಷಿ ತೋಟಗಳೂ ಇವೆ. ಮಳೆಗಾಲದಲ್ಲಂತೂ ಮೋಡ ಮುಸುಕಿ ಏನೂ ಕಾಣುವುದಿಲ್ಲ. ಹಾಗಾಗಿ ವರ್ಷಗಟ್ಟಲೆ ಅಳತೆಗಳನ್ನು ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆಯುತ್ತಾರೆ. ಆಗ ಗಾಳಿಯ ಗೊಂದಲವೆಲ್ಲ ಕಳೆದು ಚಿಮಣಿಯ ಗುರುತು ಮೇಲೇಳುತ್ತದೆ. ಹಾಗೆ ಮಾಡಿದರೂ ಓಮಿಗೆ ಸ್ಪಷ್ಟವಾಗಿ ಕಾಣುವುದು ವರ್ಷಕ್ಕೆ ಸುಮಾರು 30 ಸಾವಿರ ಟನ್ನಿಗಿಂತ ಹೆಚ್ಚು ಉಗುಳುವ ಮೂಲಗಳು ಮಾತ್ರ.

ಈ ತಾಳ್ಮೆಯ ಲೆಕ್ಕವೇ 2017ರಲ್ಲಿ ದೊಡ್ಡ ಸುದ್ದಿಯಾಯಿತು. 2007ರಿಂದೀಚೆಗೆ ಚೀನಾದ ಸಲ್ಫರ್ ಡೈಆಕ್ಸೈಡ್ ಶೇಕಡಾ 75ರಷ್ಟು ಇಳಿದಿತ್ತು, ನಮ್ಮದು ಶೇಕಡಾ 50ರಷ್ಟು ಏರಿತ್ತು. ಚೀನಾ ಕಲ್ಲಿದ್ದಲು ಉರಿಸುವುದನ್ನೇನೂ ಬಿಟ್ಟಿರಲಿಲ್ಲ. ಹೊಗೆಯನ್ನು ಸುಣ್ಣದಕಲ್ಲಿನ ನೀರಿನಲ್ಲಿ ತೊಳೆದು, ಗಂಧಕವನ್ನು ಜಿಪ್ಸಂ ಮಾಡಿ ಹೊರತೆಗೆಯುವ ಯಂತ್ರಗಳನ್ನು ಕೂರಿಸಿತ್ತು. ಈ ವಿದ್ಯೆ ನಮಗೂ ಹೊಸತಲ್ಲ. ನಮ್ಮ ಟ್ರಾಂಬೆಯ ವಿದ್ಯುತ್ ಸ್ಥಾವರದಲ್ಲಿ ಸಮುದ್ರದ ನೀರಿನಿಂದ ಹೊಗೆ ತೊಳೆಯುವ ಏರ್ಪಾಡು 1980ರ ದಶಕದಲ್ಲೇ ಬಂದಿತ್ತು.

ದೇಶದ ಎಲ್ಲ ಸ್ಥಾವರಗಳಿಗೂ ಮಿತಿ ಹಾಕಿದ ನಿಯಮ ಬಂದದ್ದು 2015ರ ಡಿಸೆಂಬರಿನಲ್ಲಿ. ಎರಡು ವರ್ಷದ ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2025ರ ಜುಲೈನಲ್ಲಿ ಹೆಚ್ಚಿನ ಸ್ಥಾವರಗಳಿಗೆ ವಿನಾಯಿತಿಯೇ ಸಿಕ್ಕಿತು. ದೆಹಲಿ ಸುತ್ತಿನ ರಾಜಧಾನಿ ವಲಯದ ಅಥವಾ ಹತ್ತು ಲಕ್ಷ ಜನಸಂಖ್ಯೆಯ ನಗರಗಳ 10 ಕಿಲೋಮೀಟರ್ ಒಳಗಿರುವ ಸ್ಥಾವರಗಳಿಗೆ ಮಾತ್ರ 2027ರ ಕೊನೆಯ ಗಡುವು ಉಳಿಯಿತು. ಇನ್ನು ಕೆಲವನ್ನು ಒಂದೊಂದಾಗಿ ಪರಿಶೀಲಿಸುವುದೆಂದಾಯಿತು. ಇದಕ್ಕೆ ಕೊಟ್ಟ ಕಾರಣವೂ ಸುಳ್ಳಲ್ಲ: ನೆಲಮಟ್ಟದ ಗಾಳಿಯಲ್ಲಿ ಈ ಅನಿಲ ಬಹುತೇಕ ನಗರಗಳಲ್ಲಿ ಮಿತಿಯೊಳಗೇ ಇದೆ.

ಆದರೆ ಈ ಅನಿಲ ಅನಿಲವಾಗಿಯೇ ಉಳಿಯುವುದಿಲ್ಲ. ಎತ್ತರದ ಚಿಮಣಿಯಿಂದ ಹೊರಟದ್ದು ಒಂದೆರಡು ದಿನದಲ್ಲಿ ಸಲ್ಫೇಟ್ ಎಂಬ ಸೂಕ್ಷ್ಮ ಕಣವಾಗಿ, ಶ್ವಾಸಕೋಶದ ಆಳಕ್ಕಿಳಿಯುವ ಧೂಳಿನ ಲೆಕ್ಕಕ್ಕೆ ಸೇರುತ್ತದೆ. ಅನಿಲದ ಮೀಟರಿಗೆ ಅದು ಸಿಗುವುದಿಲ್ಲ. ನನ್ನ ತಕರಾರು ಇಲ್ಲಿದೆ. ಮೂಗಿನ ಹತ್ತಿರ ಎಷ್ಟು ಉಳಿಯಿತು ಎಂಬುದಷ್ಟೇ ಕೇಳಿದರೆ ಸಾಲದು, ಚಿಮಣಿಯಿಂದ ಎಷ್ಟು ಹೊರಟಿತು ಎಂದೂ ಕೇಳಬೇಕು. ಆಕಾಶದಿಂದ ಸಿಗುವುದು ಎರಡನೆಯ ಪ್ರಶ್ನೆಗೆ ಉತ್ತರ.

ಅದೇ ರೈಲಿನಲ್ಲಿ ಮುಂದೆ ಹೋಗೋಣ. ಮನ್ಮಾಡ್ ದಾಟಿ ಛತ್ರಪತಿ ಸಂಭಾಜಿನಗರ, 2023ರವರೆಗೆ ನಾವು ಔರಂಗಾಬಾದ್ ಎನ್ನುತ್ತಿದ್ದ ಊರು. ವಾಳೂಜ್, ಚಿಕಲ್‌ಠಾಣೆಗಳ ಕಾರ್ಖಾನೆಗಳ ಒಂಟಿ ಬಾಯ್ಲರುಗಳು ಓಮಿಯ ಕಣ್ಣಿಗೆ ತೀರ ಚಿಕ್ಕವು. ಅವನ್ನು ಹಿಡಿಯಲು ನೆಲದ ಮೇಲಿನ ಮೀಟರುಗಳೇ ಬೇಕು. ಪಕ್ಕದಲ್ಲೇ ಎಲ್ಲೋರ, ನಮ್ಮ ರಾಷ್ಟ್ರಕೂಟರ ಒಂದನೆಯ ಕೃಷ್ಣ ಕೊರೆಸಿದ ಕೈಲಾಸ. ಆ ಕಪ್ಪುಕಲ್ಲು ತಾಜಮಹಲಿನ ಅಮೃತಶಿಲೆಯಂತೆ ಆಮ್ಲಕ್ಕೆ ಬೇಗ ಸೋಲುವುದಿಲ್ಲ. ಅಲ್ಲಿಯ ಜನರ ಎದೆಗೂಡು ಹಾಗಲ್ಲ. ನಾಸಿಕ್ ಮತ್ತು ಈ ನಗರ ಎರಡೂ ಧೂಳಿನ ಮಿತಿ ಮೀರಿದ ಊರುಗಳೆಂದು 2019ರ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದ ಪಟ್ಟಿಯಲ್ಲಿ ಸೇರಿದವು. ಪಡುವಣ ಗಾಳಿ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಬೀಸಿದರೆ, ನಾಸಿಕದಿಂದ ಇಲ್ಲಿಗೆ ಬರಲು ಅದಕ್ಕೆ ಹೆಚ್ಚುಕಡಿಮೆ ಒಂದು ಹಗಲು ಸಾಕು.