ಉಂಡೆ ಕೊಬ್ಬರಿಯ ಮೇಲೊಂದು ದಾರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಗಳಲ್ಲಿ ಹಿರಿಯರಿಗೆ ಕಾಯಿಲೆ ಹೆಚ್ಚಾದಾಗ ಈಗ ಒಂದು ಪ್ರಶ್ನೆ ಏಳುತ್ತದೆ. ಅಮೆರಿಕದಲ್ಲಿರುವ ಮಗನೋ ಮಗಳೋ ಬಂದು ಮುಟ್ಟಲು ಎಷ್ಟು ಹೊತ್ತು ಬೇಕು? ‘ಹದಿನೇಳು ಗಂಟೆ’ ಎನ್ನುತ್ತಾರೆ ಒಬ್ಬರು. ‘ಎರಡು ದಿನ’ ಎನ್ನುತ್ತಾರೆ ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ನಿಜವಿದೆ.

ಮೊದಲು ದೂರದ ಮಾತು. ಶಾಲೆಯ ಗೋಡೆಯ ಭೂಪಟದ ಮೇಲೆ ಅಡಿಪಟ್ಟಿ ಇಟ್ಟು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಗೆರೆ ಎಳೆಯಿರಿ. ಅದು ಆಫ್ರಿಕವನ್ನೂ ಅಟ್ಲಾಂಟಿಕ್ ಸಾಗರವನ್ನೂ ಹಾಯುತ್ತದೆ. ಆ ಗೆರೆ ಹಿಡಿದು ಹಾರಿದರೆ ಸುಮಾರು 20,000 ಕಿ.ಮೀ. ಆಗುತ್ತದೆ. ಆದರೆ ಭೂಮಿ ಕಾಗದದಂತೆ ಚಪ್ಪಟೆಯಲ್ಲ. ಅಟ್ಟದಿಂದ ಇಳಿಸಿ ಸುಲಿದ ಒಂದು ಉಂಡೆ ಕೊಬ್ಬರಿಯನ್ನು ಕೈಗೆತ್ತಿಕೊಳ್ಳಿ. ಈ ಮಗ್ಗುಲಲ್ಲೊಂದು, ಹೆಚ್ಚುಕಡಿಮೆ ಎದುರು ಮಗ್ಗುಲಲ್ಲೊಂದು ಚುಕ್ಕೆ ಇಟ್ಟು, ನಡುವೆ ದಾರವನ್ನು ಬಿಗಿಯಾಗಿ ಎಳೆಯಿರಿ. ಎರಡು ಚುಕ್ಕೆಗಳೂ ನಡುಗೆರೆಗಿಂತ ಮೇಲಿದ್ದರೆ ದಾರ ತಾನಾಗಿಯೇ ನೆತ್ತಿಯ ಕಡೆಗೆ ಸರಿಯುತ್ತದೆ. ಎರಡೂ ಊರುಗಳಿರುವುದು ಹೀಗೆಯೇ. ಅವುಗಳ ರೇಖಾಂಶದ ಅಂತರ ಸುಮಾರು 160 ಡಿಗ್ರಿ. ಆದ್ದರಿಂದ ಹತ್ತಿರದ ದಾರಿ ಇರುವುದು ಉತ್ತರ ಧ್ರುವದ ಬಳಿಯಲ್ಲಿ. ಅದರ ಉದ್ದ ಸುಮಾರು 14,000 ಕಿ.ಮೀ.

2021ರ ಜನವರಿಯಲ್ಲಿ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವೊಂದು ಈ ಧ್ರುವದ ದಾರಿಯಲ್ಲಿ ಎಲ್ಲೂ ಇಳಿಯದೆ ಬೆಂಗಳೂರಿಗೆ ಬಂತು. ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು. ಹಾರಾಟಕ್ಕೆ ಹಿಡಿದದ್ದು ಸುಮಾರು 17 ಗಂಟೆ. ಆದರೆ ಅಲ್ಲಿ 9ರ ರಾತ್ರಿ ಹೊರಟವರು ಇಲ್ಲಿ ಇಳಿದದ್ದು 11ರ ಬೆಳಗಿನ ಜಾವ! ಕಾರಣ ಸರಳ. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ಇಲ್ಲಿಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ; ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ. ಕ್ಯಾಲೆಂಡರಿನ ಎರಡು ದಿನಗಳಲ್ಲಿ ಒಂದು ಪಾಲು ಈ ಅಂತರದ್ದು, ಎಲ್ಲವೂ ಪ್ರಯಾಣದ್ದಲ್ಲ.

ಆದರೂ ಹದಿನೇಳು ಗಂಟೆಯೆಂದರೆ ನಿಲ್ದಾಣದಿಂದ ನಿಲ್ದಾಣಕ್ಕೆ ಮಾತ್ರ. ಮನೆಯಿಂದ ಮನೆಗೆ ಲೆಕ್ಕ ಬೇರೆ. ಅಲ್ಲಿ ಮೂರು ಗಂಟೆ ಮುಂಚೆ ನಿಲ್ದಾಣ ಸೇರಬೇಕು. ಇಲ್ಲಿ ಪಾಸ್‌ಪೋರ್ಟ್ ತಪಾಸಣೆ, ಸಾಮಾನಿಗಾಗಿ ಕಾಯುವುದು. ಆಮೇಲೆ ದೇವನಹಳ್ಳಿಯಿಂದ ತುಮಕೂರಿನ ಮೇಲೆ ತಿಪಟೂರಿಗೆ 150 ಕಿ.ಮೀ. ಆಸುಪಾಸಿನ ರಸ್ತೆ. ನೇರ ವಿಮಾನ ಸಿಕ್ಕರೂ ಇಪ್ಪತ್ತೈದು ಗಂಟೆಯಾಗುತ್ತದೆ. ದೆಹಲಿಯಲ್ಲೋ ದುಬೈನಲ್ಲೋ ವಿಮಾನ ಬದಲಿಸುವುದಾದರೆ ಇನ್ನೂ ಹಲವು ಗಂಟೆ ಕೂಡಿಸಬೇಕು.

ಆದುದರಿಂದ ಲೆಕ್ಕವನ್ನು ಇಲ್ಲಿಯ ಗಡಿಯಾರದಲ್ಲೇ ಹಾಕುವುದು ಲೇಸು. ಚಳಿಗಾಲದ ಸೋಮವಾರ ಸಂಜೆ ಐದಕ್ಕೆ ಅಲ್ಲಿ ಮನೆ ಬಿಟ್ಟರೆ, ಇಲ್ಲಿ ಆಗ ಮಂಗಳವಾರ ಬೆಳಿಗ್ಗೆ ಆರೂವರೆ. ಎಲ್ಲವೂ ಸುಸೂತ್ರವಾದರೆ ಬುಧವಾರ ಬೆಳಿಗ್ಗೆ ಎಂಟರ ಹೊತ್ತಿಗೆ ಅವರು ತೋಟದ ಮನೆಯಲ್ಲಿರುತ್ತಾರೆ.

ಸಾವಿನ ಮನೆಯಲ್ಲಿ ಬಂಧುಗಳು ‘ಎರಡು ದಿನ ಹೇಗೆ ಇಡುವುದು’ ಎಂದು ಅವಸರಪಟ್ಟು ಮಣ್ಣು ಮಾಡುವುದುಂಟು. ಒಂದು ರಾತ್ರಿ ಕಾದರೆ ಮಗಳಿಗೆ ತಾಯಿಯ ಮುಖ ಸಿಗುತ್ತದೆ ಎಂದು ತಿಳಿದಿದ್ದರೆ ಬಹುಮಂದಿ ಕಾಯುತ್ತಾರೆ.